ದಿಂಬಿನ ಕೆಳಗಿನ ಕಬ್ಬಿಣ

ನನ್ನ ತಮ್ಮ ಇಮಾಮನಿಗೆ ಚಾಕುಗಳ ಹುಚ್ಚು. ಇಂಡಿಯಲ್ಲಿ ಬಾವಿ ಮೋಟರು ರಿಪೇರಿಯ ಅಂಗಡಿ ಇಟ್ಟುಕೊಂಡು ನಾಲ್ಕು ಜನರಿಗೆ ಕೆಲಸ ಕೊಟ್ಟಿರುವ, ಈಗ ಮೊಮ್ಮಗಳನ್ನೂ ಕಂಡಿರುವ ಈ ಗಂಡಸು ಕಿಸೆಯಲ್ಲಿ ಮಡಚುವ ಚಾಕು ಇಲ್ಲದೆ ಹೊಸ್ತಿಲು ದಾಟುವುದಿಲ್ಲ. ಮನೆಯ ಮೇಜಿನ ಖಾನೆಯಲ್ಲಿ ಬಟ್ಟೆ ಹಾಸಿ ಸಾಲಾಗಿ ಮಲಗಿಸಿದ್ದಾನೆ. ಒಂದೊಂದರ ಅಲಗೂ ಒಂದೊಂದು ಜಾತಿಯ ಉಕ್ಕು. ಅವುಗಳ ಹೆಸರು ಲಾರಿಯ ನಂಬರಿನ ಹಾಗೆ, ಇಂಗ್ಲಿಷ್ ಅಕ್ಷರ ಎರಡು, ಅಂಕಿ ನಾಲ್ಕು. ಅವನಂಥ ಹುಚ್ಚರದೇ ಒಂದು ಗುಂಪು ಫೋನಿನಲ್ಲಿದೆ. ಇದು ಧಾರೆ ಹಿಡಿಯುತ್ತದೆ ಆದರೆ ತುಕ್ಕು ಹಿಡಿಯುತ್ತದೆ, ಅದು ತುಕ್ಕು ಹಿಡಿಯುವುದಿಲ್ಲ ಆದರೆ ಸಾಣೆಗೆ ಬಗ್ಗುವುದಿಲ್ಲ ಎಂದು ದಿನವಿಡೀ ಜಗಳಾಡುತ್ತಾರೆ, ಯಾರೂ ಸೋಲುವುದಿಲ್ಲ. ನಾನು ಅವನ ಮನೆಗೆ ಹೋದಾಗಲೆಲ್ಲ ನಾಲ್ಕು ಚಾಕು ತಂದು ನನ್ನ ಮುಂದೆ ಹರಡಿ ಅದೇ ಪ್ರಶ್ನೆ ಕೇಳುತ್ತಾನೆ.

"ಅಕ್ಕಾ, ದಿನಾ ಕಿಸೇದಾಗ ಇಟ್ಕೊಳ್ಳಾಕ ಇದ್ರಾಗ ಯಾವ ಉಕ್ಕ ಚಲೋ? ನೀ ಹೇಳು."

ನಾನು ಹೇಳುವುದಿಲ್ಲ. ನನಗೆ ಗೊತ್ತಿರುವುದು ಮೂರೇ ಉಕ್ಕು. ಮೂರೂ ತಾಂಬಾ ಊರಿನ ನಮ್ಮ ಹಳೆಯ ಮನೆಯಲ್ಲಿದ್ದವು, ಮೂರಕ್ಕೂ ನಾನು ಹೆದರಿದ್ದೇನೆ. ಅವುಗಳನ್ನು ಅದಲುಬದಲು ಮಾಡಿ ಇದೇ ತಮ್ಮನನ್ನು ಕೊಂದೆನೆಂದು ಮೂರು ದಿನ ನಂಬಿದ್ದೆ. ಆಗ ಅವನಿಗೆ ಹತ್ತು ದಿನ, ನನಗೆ ಒಂಬತ್ತು ವರ್ಷ.

ಆ ಮನೆಯಲ್ಲಿ ಒಂದರ ಹಿಂದೆ ಒಂದು ಮೂರು ಕೋಣೆ. ಮುಂದೆ ಪಡಸಾಲೆ, ನಡುವೆ ಅಡುಗೆ ಕೋಣೆ, ಹಿಂದೆ ಕಿಟಕಿಯೇ ಇಲ್ಲದ ಕತ್ತಲೆ ಕೋಣೆ. ಜೋಳದ ಚೀಲ, ಉಪ್ಪಿನಕಾಯಿ ಗಡಿಗೆ, ಬಾಣಂತಿ, ಈ ಮೂರನ್ನೂ ಇಡುವುದು ಅದೇ ಕೋಣೆಯಲ್ಲಿ. ಮನೆಯ ಮುಂದೆ ಕಲ್ಲಿನ ಕಟ್ಟೆ. ಅಪ್ಪ ಹುಸೇನಸಾಬ ಕಸಿ ಕಟ್ಟುವವನು. ಲಿಂಬೆಗೆ, ಬಾರಿ ಎಂದರೆ ಬೋರೆಹಣ್ಣಿಗೆ ಒಳ್ಳೆಯ ಜಾತಿಯ ಕಣ್ಣು ತಂದು ಕೂಡಿಸುವುದು ಅವನ ಕೆಲಸ. ಗಿಡದ ತೊಗಟೆ ಸೀಳಿ, ಬೇರೆ ಗಿಡದಿಂದ ಎತ್ತಿ ತಂದ ಚಿಗುರಿನ ಕಣ್ಣನ್ನು ಆ ಸೀಳಿನೊಳಗೆ ಸೇರಿಸಿ ಪಟ್ಟಿ ಸುತ್ತುತ್ತಿದ್ದ. ಲಚ್ಯಾಣದಿಂದ ಅತ್ತ ಮಸೂತಿಯವರೆಗೂ ಜನ ಕರೆ ಕಳಿಸುತ್ತಿದ್ದರು. ಕಸಿ ಬದುಕುವುದೂ ಸಾಯುವುದೂ ಚಾಕುವಿನ ಮೇಲೆ. ಅಲಗು ಮೊಂಡಾದರೆ ತೊಗಟೆ ಜಜ್ಜುತ್ತದೆ, ಜಜ್ಜಿದ ತೊಗಟೆಯಲ್ಲಿ ಕಣ್ಣು ಒಣಗಿಹೋಗುತ್ತದೆ. ಹೀಗಾಗಿ ಬೇರೆಯವರ ಕಟ್ಟೆಯ ಮೇಲೆ ಮಳೆಯದು, ಎತ್ತಿನದು, ಬೀಗತನದ ಮಾತು ನಡೆಯುವ ಹೊತ್ತಿಗೆ ನಮ್ಮ ಕಟ್ಟೆಯ ಮೇಲೆ ಉಕ್ಕಿನ ಮಾತು ನಡೆಯುತ್ತಿತ್ತು.

ಅಪ್ಪನ ಹತ್ತಿರ ಮೂರು ಮಡಚುವ ಚಾಕು ಇದ್ದವು. ಮೊದಲನೆಯದು ಪಾಟಾ ಚಾಕು. ಲಾರಿಯ ಕಮಾನು ಪಟ್ಟಿಗೆ ನಮ್ಮ ಕಡೆ ಪಾಟಾ ಎನ್ನುತ್ತಾರೆ. ಮುರಿದ ಪಾಟಾದ ತುಂಡನ್ನು ಕಾಯಿಸಿ ಬಡಿದು, ಎಣ್ಣೆಯಲ್ಲಿ ಅದ್ದಿ ಹದ ಮಾಡಿ, ಟಗರಿನ ಕೋಡಿನ ಹಿಡಿ ಹಾಕಿ ಕಮ್ಮಾರ ಮಾನಪ್ಪ ಕಾಕಾ ಮಾಡಿಕೊಟ್ಟದ್ದು. ಲಿಂಬೆ ಕೊಯ್ದರೆ ಅದರ ಅಲಗು ಕಪ್ಪಾಗುತ್ತಿತ್ತು, ಒಂದು ದಿನ ಒರೆಸದಿದ್ದರೆ ತುಕ್ಕು. ಆದರೆ ಬೆಳಗ್ಗೆ ಒಂದು ಸಲ ಸಾಣೆಗೆ ಎಳೆದರೆ ಸಂಜೆಯವರೆಗೆ ಅಪ್ಪನಿಗೆ ಚಿಂತೆ ಇರಲಿಲ್ಲ. ಎರಡನೆಯದು ಹಲ್ಲು ಸವೆದ ಹಳೆಯ ಕಾನಸಿನದು, ಎಂದರೆ ಕಬ್ಬಿಣ ಉಜ್ಜುವ ಅರದಿಂದ ಮಾಡಿದ್ದು. ಅದರಿಂದ ಮುಂಗೈ ಕೂದಲು ಬೋಳಿಸಿ ತೋರಿಸುತ್ತಿದ್ದ. ಆದರೆ ಅದು ಸಿಡುಕು ಜಾತಿ, ಕಲ್ಲಿನ ಮೇಲೆ ಬಿದ್ದರೆ ಗಾಜಿನ ಹಾಗೆ ಮುರಿಯುತ್ತಿತ್ತು. ಮೂರನೆಯದು ಸ್ಟೀಲಿನದು, ನಮ್ಮ ಸೋದರಮಾವ ಸೊಲ್ಲಾಪುರದಿಂದ ತಂದುಕೊಟ್ಟದ್ದು. ಲಿಂಬೆ ರಸದಲ್ಲಿ ಮುಳುಗಿಸಿಟ್ಟರೂ ಅದರ ಹೊಳಪು ಮಾಸುತ್ತಿರಲಿಲ್ಲ, ಹತ್ತು ಕಣ್ಣು ಎತ್ತುವುದರೊಳಗೆ ಮೊಂಡು. ನನಗೆ ಮಾತ್ರ ಸ್ಟೀಲಿನದೇ ಇಷ್ಟ, ಏಕೆಂದರೆ ಅದರಲ್ಲಿ ಮುಖ ಕಾಣುತ್ತಿತ್ತು.

ಸಂಜೆ ಕುಲುಮೆ ಆರಿಸಿ ಮಾನಪ್ಪ ಕಾಕಾ ನಮ್ಮ ಕಟ್ಟೆಗೆ ಬರುತ್ತಿದ್ದ. ಪಾಟಾ ಹೆಚ್ಚೋ ಕಾನಸು ಹೆಚ್ಚೋ ಎಂದು ಅವರಿಬ್ಬರ ವಾದ ಚಹಾ ಆರಿದರೂ ಮುಗಿಯುತ್ತಿರಲಿಲ್ಲ. ಸ್ಟೀಲಿನ ವಿಷಯದಲ್ಲಿ ಮಾತ್ರ ಇಬ್ಬರೂ ಒಂದೇ. ನನ್ನ ಹತ್ತಿರ ಕೆಟ್ಟ ರೇಡಿಯೋದಿಂದ ಕಿತ್ತ ಒಂದು ಲೋಹಚುಂಬಕ ಇತ್ತು. ಅದನ್ನು ಹಳ್ಳದ ಉಸುಕಿನಲ್ಲಿ ಎಳೆದಾಡಿ ಕಪ್ಪು ಕಬ್ಬಿಣದ ಪುಡಿ ಕೂಡಿಹಾಕುವುದು ನನ್ನ ಆಟ. ಒಂದು ಸಂಜೆ ಕಾಕಾ ಅದನ್ನು ಇಸಿದುಕೊಂಡು ಮೂರೂ ಚಾಕುಗಳಿಗೆ ಮುಟ್ಟಿಸಿದ. ಪಾಟಾ ಟಕ್ಕೆಂದು ಹಿಡಿಯಿತು, ಕಾನಸೂ ಹಿಡಿಯಿತು. ಸ್ಟೀಲಿನ ಅಲಗಿನ ಮೇಲಿಂದ ಜಾರಿ ಬಿತ್ತು.

"ನೋಡ ಹುಸೇನಣ್ಣಾ, ಇದು ತಾಟು ಮಾಡೋ ತಗಡು. ಇದು ಕಬ್ಬಿಣದ ಕುಲದ್ದಲ್ಲ."

ಹೊಳೆಯುವುದು ಬೇರೆ, ಕೊಯ್ಯುವುದು ಬೇರೆ ಎಂದು ಅಪ್ಪ ನಕ್ಕ. ನಾನೂ ನಕ್ಕೆ. ಆ ಮಾತು ನನ್ನ ಕೊರಳಿಗೆ ಬಂದು ಕೂರುತ್ತದೆಂದು ಯಾರಿಗೆ ಗೊತ್ತಿತ್ತು.

ಚಾಕುವಿನ ಬಗ್ಗೆ ಆಯಿಗೆ ಬೇರೆಯದೇ ತಿಳಿವಳಿಕೆ ಇತ್ತು. ಆಯಿ ಎಂದರೆ ಅಪ್ಪನ ತಾಯಿ, ತೆಳ್ಳಗಿನ ನೆಟ್ಟಗಿನ ಹೆಂಗಸು. ಮನೆಯಲ್ಲಿ ಅವಳ ಮಾತೇ ಕಾಯಿದೆ. ಚಾಕುವನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟವರಿಗೂ ಕೊಂಡವರಿಗೂ ಹಗೆತನ ಬರುತ್ತದೆ. ನೆಲದ ಮೇಲಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಬಾಣಂತಿಯ ದಿಂಬಿನ ಕೆಳಗೆ ನಲವತ್ತು ದಿನ ಕಬ್ಬಿಣ ಇರಬೇಕು, ಇಲ್ಲದಿದ್ದರೆ ಗಾಳಿ ಬಂದು ಕೂಸನ್ನು ಹಿಡಿಯುತ್ತದೆ. ಈ ಎರಡನೆಯದರಲ್ಲಿ ನಮ್ಮ ಓಣಿಯ ತುಂಬ ಒಂದೇ ಮತ. ಹಿಂದಿನ ಮನೆಯವರು ಕುಡಗೋಲು ಇಡುತ್ತಿದ್ದರು, ಮಾನಪ್ಪ ಕಾಕಾನ ಮನೆಯಲ್ಲಿ ಅಡಕೊತ್ತು, ನಮ್ಮಲ್ಲಿ ಅಪ್ಪನ ಪಾಟಾ ಚಾಕು. ಇದ್ದುದರಲ್ಲಿ ಒಳ್ಳೆಯ ಕಬ್ಬಿಣ ಇಡಬೇಕು ಎಂದು ಆಯಿಯ ಹಟ.

ಇಮಾಮನಿಗಿಂತ ಮೊದಲು ನನಗೆ ಇನ್ನೊಬ್ಬ ತಮ್ಮ ಹುಟ್ಟಿದ್ದ. ಆಗ ನನಗೆ ಏಳು. ಒಂಬತ್ತನೆಯ ದಿನ ಅವನ ದವಡೆ ಕಚ್ಚಿಕೊಂಡಿತು, ಮೊಲೆ ಹಿಡಿಯಲಿಲ್ಲ, ಬೆನ್ನು ಹಿಂದಕ್ಕೆ ಬಾಗಿತು. ಮುಟ್ಟಿದರೆ ಸಾಕು, ಇಡೀ ಮೈ ಬಿಗಿದುಕೊಳ್ಳುತ್ತಿತ್ತು. ಆ ಸಂಜೆಯೇ ಹೋದ. ಮಣ್ಣು ಮಾಡಿ ಬಂದ ಮೇಲೆ ಆಯಿ ದಿಂಬು ಎತ್ತಿದಳು. ಕೆಳಗೆ ಚಾಕು ಇರಲಿಲ್ಲ. ಪಡಸಾಲೆಯ ಗೂಡಿನಲ್ಲಿತ್ತು. ಲಚ್ಯಾಣದ ಕೆಲಸಕ್ಕೆ ಬೇಕಾಗಿತ್ತು, ನಾನೇ ತೆಗೆದುಕೊಂಡಿದ್ದೆ ಎಂದು ಅಪ್ಪ ಒಪ್ಪಿಕೊಂಡ. ಆಯಿ ಅಂದು ಏನೂ ಅನ್ನಲಿಲ್ಲ. ಮುಂದೆ ಎರಡು ವರ್ಷ, ಅವನ ತಾಟಿಗೆ ರೊಟ್ಟಿ ಹಾಕುವಾಗಲೆಲ್ಲ ಅಂದಳು, ಅದೂ ಅವನಿಗಲ್ಲ, ಗೋಡೆಗೆ.

"ಕೆಲಸಕ್ಕ ಬೇಕಾಗಿತ್ತಂತ."

ಅಷ್ಟೇ ಮಾತು. ಅಪ್ಪ ತಲೆ ತಗ್ಗಿಸಿ ಉಣ್ಣುತ್ತಿದ್ದ. ಅವ್ವ ಒಲೆಯ ಕಡೆ ಮುಖ ತಿರುಗಿಸಿ ಕೂರುತ್ತಿದ್ದಳು. ಇವತ್ತು ಅನ್ನುತ್ತಾಳೋ ಇಲ್ಲವೋ ಎಂದು ಆಯಿಯ ತುಟಿ ನೋಡುತ್ತ ರೊಟ್ಟಿ ನುಂಗುತ್ತಿದ್ದೆ.

ಇಮಾಮ ಹುಟ್ಟಿದ್ದು ಆಗಷ್ಟೇ ಸಾಲೆ ಸುರುವಾದ ದಿನಗಳಲ್ಲಿ. ಮಳೆ ಇನ್ನೂ ಬಂದಿರಲಿಲ್ಲ, ಬಿಸಿಲು ಹಾಗೇ ಉಳಿದಿತ್ತು. ಕೂಸಿನ ಅಳು ಕೇಳಿದ ಕೂಡಲೇ ಅಪ್ಪ ಪಾಟಾ ಚಾಕುವನ್ನು ಒರೆಸಿ, ಹಸಿರು ಅರಿವೆಯಲ್ಲಿ ಸುತ್ತಿ, ಕೋಣೆಯ ಹೊಸ್ತಿಲ ಮೇಲಿಟ್ಟ. ಆಯಿ ಎತ್ತಿಕೊಂಡು ಅವ್ವನ ದಿಂಬಿನ ಕೆಳಗೆ ಸೇರಿಸಿದಳು. ನಲವತ್ತು ದಿನ ಅದನ್ನು ಯಾರೂ ಮುಟ್ಟಬಾರದು ಎಂದು ನಮ್ಮೆಲ್ಲರ ಮುಖ ನೋಡಿ ಹೇಳಿದಳು. ಕಸಿಯ ಹಂಗಾಮು ಎದುರಿಗಿತ್ತು. ಅಪ್ಪ ಕಾನಸಿನ ಚಾಕು ಹಿಡಿದು ಕೆಲಸಕ್ಕೆ ಹೋದ. ಮೂರನೆಯ ದಿನವೇ ಅದು ಬದುವಿನ ಕಲ್ಲಿನ ಮೇಲೆ ಬಿದ್ದು ತುದಿ ಮುರಿಯಿತು. ಮಾನಪ್ಪ ಕಾಕಾ ಉಜ್ಜಿ ಗಿಡ್ಡ ಮಾಡಿಕೊಟ್ಟ, ಅಪ್ಪ ಅದರಲ್ಲೇ ನಡೆಸಿದ. ಸ್ಟೀಲಿನದು ಗೂಡಿನಲ್ಲಿ ಸುಮ್ಮನೆ ಬಿದ್ದಿತ್ತು. ಪ್ರತಿ ಸಂಜೆ ಆಯಿ ಲೋಬಾನದ ಹೊಗೆ ಹಾಕಿ, ದಿಂಬಿನ ಕೆಳಗೆ ಕೈ ತೂರಿಸಿ, ಅರಿವೆಯ ಗಂಟು ಮುಟ್ಟಿ ನೋಡಿ, ಬಾಯೊಳಗೇ ಏನೋ ಹೇಳಿಕೊಂಡು ಹೊರಗೆ ಬರುತ್ತಿದ್ದಳು.

ಎಂಟನೆಯ ದಿನ ಸಾಲೆಯಲ್ಲಿ ಆರೋಗ್ಯದ ಪಾಠ. ತುಕ್ಕು ಹಿಡಿದ ಕಬ್ಬಿಣ ತಾಗಿದರೆ ಧನುರ್ವಾಯು ಬರುತ್ತದೆ ಎಂದರು ಮಾಸ್ತರರು. ದವಡೆ ಕಚ್ಚಿಕೊಳ್ಳುತ್ತದೆ, ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ, ಮುಟ್ಟಿದರೆ ಮೈ ಬಿಗಿಯುತ್ತದೆ, ಹುಟ್ಟಿದ ಕೂಸಿಗೆ ಬಂದರೆ ಉಳಿಯುವುದು ಕಷ್ಟ. ಉಳಿದ ಮಕ್ಕಳು ಬರೆದುಕೊಂಡರು. ನನಗೆ ಬರೆಯಲು ಕೈ ಬರಲಿಲ್ಲ. ಮಾಸ್ತರರು ನಮ್ಮ ಕತ್ತಲೆ ಕೋಣೆಯಲ್ಲಿ ನಿಂತು ನೋಡಿದವರಂತೆ ಹೇಳುತ್ತಿದ್ದರು. ಮನೆಗೆ ಓಡಿ ಬಂದವಳು ಅವ್ವನ ಪಕ್ಕದಲ್ಲಿ ಕೂತು, ಕಾಣದ ಹಾಗೆ ದಿಂಬಿನ ಅಂಚು ಎತ್ತಿದೆ. ಕೋಣೆಯಲ್ಲಿ ದಿನಕ್ಕೆ ಎರಡು ಸಲ ಬಿಸಿನೀರಿನ ಹಬೆ ಏಳುತ್ತಿತ್ತು. ಹಸಿರು ಅರಿವೆಯ ಮೇಲೆ ಹೆಬ್ಬೆರಳಗಲ ಕೆಂಪು ಕಲೆ ಮೂಡಿತ್ತು. ಕೂಸಿನ ತಲೆ ಅಲ್ಲಿಂದ ಒಂದು ಗೇಣು ದೂರ. ಮರುದಿನ ಒಂಬತ್ತನೆಯ ದಿನ.

ಆಯಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಕಬ್ಬಿಣ ಇಲ್ಲದ್ದರಿಂದಲೇ ಮೊದಲಿನವನು ಹೋದ ಎನ್ನುವವಳಿಗೆ ಕಬ್ಬಿಣವೇ ಕೊಲ್ಲುತ್ತದೆ ಎಂದು ಹೇಳುವುದು ಹೇಗೆ. ತುಕ್ಕು ತೊಳೆದು ಮತ್ತೆ ಇಟ್ಟುಬಿಟ್ಟರೆ ಆಯಿ, ಮಾಸ್ತರರು ಇಬ್ಬರ ಮಾತೂ ಉಳಿಯುತ್ತದಲ್ಲ ಎಂದುಕೊಂಡೆ. ಒಂಬತ್ತನೆಯ ದಿನ ಮಧ್ಯಾಹ್ನ ಆಯಿ ಅವ್ವನನ್ನು ಬಚ್ಚಲಿಗೆ ಕರೆದುಕೊಂಡು ಹೋದಾಗ ಕೂಸಿನ ಹತ್ತಿರ ನಾನೊಬ್ಬಳೇ. ಅರಿವೆ ಬಿಚ್ಚಿ ಪಾಟಾ ಚಾಕು ತೆಗೆದೆ. ಆಯಿ ಮುಟ್ಟಿ ನೋಡಿದರೆ ಗಂಟು ಬರಿದಾಗಿರಬಾರದು, ಅದಕ್ಕೆ ಗೂಡಿನಿಂದ ಸ್ಟೀಲಿನದನ್ನು ತಂದು ಸುತ್ತಿ ಇಟ್ಟೆ. ಅವ್ವನಿಗೆ ಎಣ್ಣೆ ಹಚ್ಚಿ ನೀರು ಹಾಕುವಷ್ಟು ಹೊತ್ತು ಸಾಕೆಂದು ನನ್ನ ಎಣಿಕೆ. ನಮ್ಮದು ಲಿಂಬೆಯ ಸೀಮೆ. ತಾಮ್ರದ ಕೊಡ ಇರಲಿ, ಹಿತ್ತಾಳೆಯ ತಂಬಿಗೆ ಇರಲಿ, ನಾವು ತಿಕ್ಕುವುದು ಲಿಂಬೆಹುಳಿ ಮತ್ತು ಉಪ್ಪಿನಿಂದ. ಎರಡು ಸಲ ತಿಕ್ಕಿದರೆ ಹೊಸದಾಗುತ್ತದೆ. ಕಬ್ಬಿಣವೂ ಹಾಗೇ ಹೊಸದಾಗುತ್ತದೆ ಎಂದುಕೊಂಡೆ. ದನದ ಕೊಟ್ಟಿಗೆಯ ಗೂಡಿನಲ್ಲಿ ಒಂದು ಒಡೆದ ಗಡಿಗೆಯ ತಳ ಇಟ್ಟು, ಅದರಲ್ಲಿ ಎಂಟು ಲಿಂಬೆ ಹಿಂಡಿ, ಮುಷ್ಟಿ ಉಪ್ಪು ಸುರಿದು, ಚಾಕು ಬಿಚ್ಚಿ ಮುಳುಗಿಸಿದೆ.

ಅಷ್ಟರಲ್ಲಿ ಕೂಸು ನೋಡಲು ನೆಂಟರು ಬಂದರು. ಚಹಾ ಕೊಡು, ಕೆಂಡ ತುಂಬು, ಕೂಸಿನ ಬಟ್ಟೆ ಒಣಹಾಕು ಎಂದು ಆಯಿ ನನ್ನನ್ನು ಕಾಲು ನಿಲ್ಲಲು ಬಿಡಲಿಲ್ಲ. ಸಂಜೆ ಅವಳು ದಿಂಬಿನ ಕೆಳಗೆ ಕೈ ತೂರಿಸಿದಾಗ ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಗಂಟು ಮುಟ್ಟಿದಳು, ಬಾಯೊಳಗೆ ಹೇಳಿಕೊಂಡಳು, ಹೊರಗೆ ಬಂದಳು.

ಮರುದಿನ ಬೆಳಗ್ಗೆ ಕೊಟ್ಟಿಗೆಗೆ ಹೋಗಿ ನೋಡಿದರೆ ಚಾಕು ಕರ್ರಗಾಗಿತ್ತು. ಅಲಗಿನ ತುಂಬ ಗೊರಲೆ ಹುಳು ತಿಂದಂಥ ತೂತು, ಧಾರೆ ಇದ್ದಲ್ಲಿ ಗರಗಸದ ಹಲ್ಲು. ಬೂದಿ ಹಚ್ಚಿ ತಿಕ್ಕಿದೆ, ಇಟ್ಟಿಗೆ ಪುಡಿ ಹಚ್ಚಿ ತಿಕ್ಕಿದೆ, ಕೈತುಂಬ ಕೆಂಪು ಕೆಸರು ಬಂತೇ ಹೊರತು ಉಕ್ಕು ಬರಲಿಲ್ಲ. ಅಪ್ಪನ ಒಳ್ಳೆಯ ಕಬ್ಬಿಣವನ್ನು ಒಂದು ರಾತ್ರಿಯಲ್ಲಿ ಹುಳಿಗೆ ತಿನ್ನಿಸಿಬಿಟ್ಟಿದ್ದೆ. ಹೊಟ್ಟೆನೋವು ಎಂದು ಸುಳ್ಳು ಹೇಳಿ ಸಾಲೆಗೆ ಹೋಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೂಸು ಮೊಲೆ ಬಿಟ್ಟಿತು. ಅವ್ವ ಬಾಯಿಗೆ ಇಟ್ಟರೆ ಮುಖ ಹೊರಳಿಸುತ್ತಿತ್ತು. ಮೈ ಕಾದ ಹೆಂಚಿನ ಹಾಗೆ ಸುಡುತ್ತಿತ್ತು. ಮೊದಲು ಅತ್ತಿತು, ಆಮೇಲೆ ಅಳುವುದನ್ನೂ ಬಿಟ್ಟಿತು. ಆಯಿ ಬಾಗಿಲು ಮುಚ್ಚಿಸಿದಳು, ಅಗ್ಗಿಷ್ಟಿಕೆಗೆ ಇನ್ನಷ್ಟು ಕೆಂಡ ಹಾಕಿಸಿದಳು, ಕೂಸಿಗೆ ಇನ್ನೊಂದು ಕುಂಚಿಗೆ ಸುತ್ತಿದಳು. ನಾನು ಅದರ ದವಡೆಯನ್ನೇ ನೋಡುತ್ತಿದ್ದೆ. ಆಯಿ ಮತ್ತೆ ದಿಂಬಿನ ಕೆಳಗೆ ಕೈ ಹಾಕಿದಳು.

"ಕಬ್ಬಿಣರೆ ಐತಿ. ಹಂಗಾದ್ರ ಯಾಕ ಹಿಂಗ?"

ಅವಳು ಲೋಬಾನ ತರಲು ಅಡುಗೆ ಕೋಣೆಗೆ ಹೋದಾಗ ನಾನು ನನ್ನ ತಗಡಿನ ಡಬ್ಬಿಯಿಂದ ಲೋಹಚುಂಬಕ ತಂದೆ. ಅವ್ವ ಕಣ್ಣು ಮುಚ್ಚಿಕೊಂಡಿದ್ದಳು. ಅರಿವೆಯ ಸಂದಿಯಿಂದ ಅಲಗಿಗೆ ಮುಟ್ಟಿಸಿದೆ. ಹಿಡಿಯಲಿಲ್ಲ. ಮಗ್ಗುಲು ಬದಲಿಸಿ ಮುಟ್ಟಿಸಿದೆ, ಒತ್ತಿ ಹಿಡಿದು ಕೈ ಬಿಟ್ಟೆ. ಜಾರಿ ಹಾಸಿಗೆಯ ಮೇಲೆ ಬಿತ್ತು. ಕಬ್ಬಿಣದ ಕುಲದ್ದಲ್ಲ ಎಂದು ಮಾನಪ್ಪ ಕಾಕಾ ಅಂದದ್ದು ಆಗ ನೆನಪಾಯಿತು. ಕೂಸು ನಿನ್ನೆಯಿಂದ ತಾಟಿನ ತಗಡನ್ನು ನಂಬಿ ಮಲಗಿತ್ತು. ಜೀವನದಲ್ಲಿ ಆಮೇಲೆ ಎಷ್ಟೋ ಹೆದರಿಕೆ ಕಂಡಿದ್ದೇನೆ, ಹೆರಿಗೆ ಕೋಣೆಯಲ್ಲಿ ಒಬ್ಬಳೇ ನಿಂತಾಗಲೂ ಕಂಡಿದ್ದೇನೆ. ಅಂಥ ಹೆದರಿಕೆ ಮತ್ತೆ ಬಂದಿಲ್ಲ. ಬಾಯಿ ಬಿಟ್ಟರೆ ಆಯಿ, ಬಿಡದಿದ್ದರೆ ಕೂಸು. ಕೊಟ್ಟಿಗೆಯಿಂದ ಆ ಕರಿ ಚಾಕು ತೆಗೆದು ಲಂಗದ ಮಡಿಲಲ್ಲಿ ಕಟ್ಟಿಕೊಂಡು ಹಳ್ಳದಾಚೆಯ ಲಿಂಬೆ ತೋಟಕ್ಕೆ ಓಡಿದೆ. ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಅಪ್ಪ ಒಂದು ಸಸಿಯ ಬುಡದಲ್ಲಿ ಕೂತು ಪಟ್ಟಿ ಸುತ್ತುತ್ತಿದ್ದ. ಗಿಡ್ಡ ಕಾನಸಿನ ಚಾಕು ತೊಡೆಯ ಪಕ್ಕದಲ್ಲಿ ಬಿದ್ದಿತ್ತು. ನಾನು ಎದುರಿಗೆ ನಿಂತೆ.

"ಅಪ್ಪಾ, ದಿಂಬಿನ ಬುಡಕ ನಾ ಸ್ಟೀಲಿಂದು ಇಟ್ಟೇನಿ. ಅದು ಕಬ್ಬಿಣಲ್ಲ. ಪಾಟಾದ್ದು ಲಿಂಬಿಹುಳ್ಯಾಗ ಕೆಟ್ಟು ಹೋಗೇತಿ. ಕೂಸು ಸಾಯಾಕತ್ತೇತಿ."

ಮಡಿಲಿನಿಂದ ಚಾಕು ತೆಗೆದು ನೆಲದ ಮೇಲಿಡಲು ಬಗ್ಗಿದೆ. ಅಪ್ಪ ಅರ್ಧದಲ್ಲೇ ಕೈ ಚಾಚಿ ನನ್ನ ಕೈಯಿಂದಲೇ ತೆಗೆದುಕೊಂಡ. ನಮ್ಮ ಮನೆಯಲ್ಲಿ ಹಾಗೆ ಯಾರೂ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಅಲಗನ್ನು ಹೆಬ್ಬೆರಳಿನಿಂದ ಸವರಿ ನೋಡಿದ, ಮಡಚಿ ಕಿಸೆಗೆ ಹಾಕಿದ. ಯಾರಿಗಾದರೂ ಹೇಳಿದ್ದೀಯಾ ಎಂದು ಕೇಳಿದ. ಇಲ್ಲವೆಂದು ತಲೆ ಅಲ್ಲಾಡಿಸಿದೆ.

"ಹೇಳಬ್ಯಾಡ ದಾವಲಿ. ನಾ ಹೇಳತೇನಿ."

ದಾರಿಯುದ್ದಕ್ಕೂ ಅವನು ಮುಂದೆ, ನಾನು ಹಿಂದೆ. ಆಯಿಗೆ ನನ್ನ ಹೆಸರು ಹೇಳುತ್ತಾನೆ, ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡೇ ನಡೆದೆ. ಹಳ್ಳದ ಹತ್ತಿರ ಎಲ್ಲಿಯಾದರೂ ಓಡಿಹೋಗೋಣ ಎಂದು ಒಂದು ಸಲ ನಿಂತೆ. ಅಪ್ಪ ತಿರುಗಿ ನೋಡಲಿಲ್ಲ, ನಾನೇ ಮತ್ತೆ ಹಿಂದೆ ಹೊರಟೆ.

ಅಪ್ಪ ನೇರ ಕತ್ತಲೆ ಕೋಣೆಗೆ ಹೋದ. ಕೂಸಿನ ಮೈ ಮುಟ್ಟಿ ನೋಡಿದ. ಇಂಡಿಗೆ ದವಾಖಾನೆಗೆ ಒಯ್ಯುತ್ತೇನೆ, ಏಳು ಎಂದು ಅವ್ವನಿಗೆ ಹೇಳಿದ. ನಲವತ್ತು ದಿನ ತುಂಬದ ಕೂಸು ಹೊಸ್ತಿಲು ದಾಟುವಂತಿಲ್ಲ ಎಂದು ಆಯಿ ಬಾಗಿಲಿಗೆ ಅಡ್ಡ ನಿಂತಳು. ಅಪ್ಪ ದಿಂಬಿನ ಕೆಳಗಿನ ಗಂಟು ಎಳೆದು ಅವಳ ಮುಂದೆಯೇ ಬಿಚ್ಚಿದ. ಸ್ಟೀಲಿನ ಚಾಕು ಹೊಳೆಯಿತು.

"ಪಾಟಾದ್ದು ನಾನ ತಗದೇನಿ. ಕಾನಸಿಂದು ಮುರದಿತ್ತು. ಕೆಲಸಕ್ಕ ಬೇಕಾಗಿತ್ತು."

ಅದೇ ಮಾತು. ನಾನು ಬಾಗಿಲ ಸಂದಿಯಲ್ಲಿದ್ದೆ. ಈಗ ಹೇಳಬೇಕು, ಈಗ ಹೇಳಬೇಕು ಎಂದುಕೊಂಡೆ, ಹೇಳಲಿಲ್ಲ. ಅವ್ವ ಅಪ್ಪನ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು. ಅವಳಿಗೂ ಅವನ ಮೇಲೆ ಸಿಟ್ಟು ಬಂದಿದೆ ಎಂದುಕೊಂಡೆ. ಆಯಿಯ ದನಿ ಏರಲಿಲ್ಲ, ಅದೇ ಹೆಚ್ಚು ಹೆದರಿಸಿತು.

"ಒಂದನ್ನ ಮಣ್ಣಾಗ ಇಟ್ಟು ಬಂದಿ. ಇನ್ನೂ ನಿನ್ನ ಕೆಲಸ ಮುಗಿದಿಲ್ಲೇನು?"

ಅವ್ವ ಗೋಡೆ ಹಿಡಿದು ತಾನೇ ಎದ್ದಳು, ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಅತ್ತೆಯ ಪಕ್ಕದಿಂದ ಸರಿದು ಹೊರಗೆ ನಡೆದಳು. ಆಯಿಯ ಎದುರು ಅವ್ವ ಹಾಗೆ ನಡೆದದ್ದು ಅದೇ ಮೊದಲು. ಬಸ್ಸು ಹತ್ತುವುದನ್ನು ನಾನು ಓಣಿಯ ತುದಿಯಿಂದ ನೋಡಿದೆ.

ಎರಡು ದಿನ ಅವರು ಬರಲಿಲ್ಲ. ನಾನೂ ಆಯಿಯೂ ಇಬ್ಬರೇ. ಆಯಿ ಸ್ಟೀಲಿನ ಚಾಕುವನ್ನು ತಿಪ್ಪೆಗೆ ಎಸೆದಳು, ಬರಿದಾದ ಹಾಸಿಗೆಯ ದಿಂಬಿನ ಕೆಳಗೆ ಹಿಂದಿನ ಮನೆಯಿಂದ ಕಡ ತಂದ ಕುಡಗೋಲು ಇಟ್ಟಳು, ನನ್ನನ್ನು ಅಲ್ಲೇ ಕೂರಿಸಿದಳು. ಹೊರಗೆ ಯಾರ ಹೆಜ್ಜೆ ಕೇಳಿದರೂ ಸುದ್ದಿ ಬಂತೆಂದು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಮೂರನೆಯ ದಿನ ಬಿಸಿಲೇರುವ ಹೊತ್ತಿಗೆ ಕೂಸಿನ ಅಳು ಓಣಿಯಿಂದಲೇ ಕೇಳಿಸಿತು, ಜೋರಾಗಿ, ಸಿಟ್ಟಿನಿಂದ. ಆ ಅಳು ಕೇಳಿ ನಾನು ಕೂತಲ್ಲೇ ಅತ್ತೆ. ಧನುರ್ವಾಯು ಅಲ್ಲ, ಏನೂ ಅಲ್ಲ. ಅಂಥ ಬಿಸಿಲಿನಲ್ಲಿ ಕಿಟಕಿ ಇಲ್ಲದ ಕೋಣೆಯೊಳಗೆ ಕೆಂಡ ಇಟ್ಟು, ಬಾಗಿಲು ಮುಚ್ಚಿ, ಕುಂಚಿಗೆ ಸುತ್ತಿದ್ದಕ್ಕೆ ಕೂಸಿನ ಮೈಯ ನೀರು ಆರಿತ್ತಂತೆ. ಡಾಕ್ಟರರು ಅಪ್ಪನಿಗೆ ಬೈದರಂತೆ. ಅಪ್ಪ ಮನೆಗೆ ಬಂದವನೇ ಅಗ್ಗಿಷ್ಟಿಕೆ ಎತ್ತಿ ಹೊರಗಿಟ್ಟ, ಮರುದಿನ ಮಾನಪ್ಪ ಕಾಕಾನನ್ನು ಕರೆದು ಕತ್ತಲೆ ಕೋಣೆಯ ಗೋಡೆ ಒಡೆಸಿ ಒಂದು ಕಿಟಕಿ ಇಡಿಸಿದ. ಆ ಕಿಟಕಿಯ ಸರಳುಗಳೂ ಕಬ್ಬಿಣದವೇ ಎಂದು ಕಾಕಾ ಆಯಿಗೆ ಸಮಾಧಾನ ಹೇಳಿದ.

ಆಯಿಗೆ ಸಮಾಧಾನ ಆಗಲಿಲ್ಲ. ಅವಳು ಬದುಕಿರುವವರೆಗೂ ಅಪ್ಪ ಮನೆಯೊಳಗೆ ಚಾಕು ತರುವಂತಿರಲಿಲ್ಲ. ಕಟ್ಟೆಯ ಪಕ್ಕದ ಹೊರಗೂಡಿನಲ್ಲಿ ಇಟ್ಟು, ಕೈ ತೊಳೆದು ಒಳಗೆ ಬರಬೇಕು. ಇಮಾಮನನ್ನು ಅವನು ಎತ್ತಿಕೊಂಡರೆ ಆಯಿ ಎಲ್ಲಿದ್ದರೂ ಬಂದು ಹತ್ತಿರ ನಿಲ್ಲುತ್ತಿದ್ದಳು. ನಾನು ಎಷ್ಟೋ ಸಲ ಹೇಳಲು ಹೋದೆ. ಅಪ್ಪ ದೂರದಿಂದಲೇ ತಲೆ ಅಲ್ಲಾಡಿಸುತ್ತಿದ್ದ, ನಾನು ಸುಮ್ಮನಾಗುತ್ತಿದ್ದೆ. ನಿಜ ಹೇಳಬೇಕೆಂದರೆ ಆ ತಲೆ ಅಲ್ಲಾಡಿಸುವಿಕೆಗೆ ನಾನು ಕಾದಿರುತ್ತಿದ್ದೆ. ಆಯಿ ಸಾಯುವ ದಿನವೂ ಅವನ ಕೈಯಿಂದ ನೀರು ಕುಡಿಯದೆ ಅವ್ವನ ಕಡೆ ಕೈ ಚಾಚಿದಳು. ಮಗನೊಬ್ಬನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ನಮ್ಮ ಸೀಮೆಯಲ್ಲಿಲ್ಲ, ಅದನ್ನು ಅವನು ನನ್ನ ಸಲುವಾಗಿ ತಿಂದ. ಪಾಟಾ ಚಾಕುವನ್ನು ಮಾನಪ್ಪ ಕಾಕಾ ಉಜ್ಜಿ ಉಜ್ಜಿ ಕೆಟ್ಟ ಉಕ್ಕು ತೆಗೆದ. ಅಲಗು ಅರ್ಧ ಉಳಿಯಿತು, ಬೆರಳಿನಷ್ಟು ಸಣ್ಣಗೆ. ಆ ಅರ್ಧ ಅಲಗಿನಲ್ಲೇ ಅಪ್ಪ ಕೊನೆಯವರೆಗೆ ಕಸಿ ಕಟ್ಟಿದ. ನಮ್ಮಿಬ್ಬರ ಮಧ್ಯೆ ಹಗೆತನವೇನೂ ಬರಲಿಲ್ಲ. ಆದರೆ ಅವನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು ನನಗೆ ಕಡೆಯವರೆಗೂ ಆಗಲಿಲ್ಲ.

ನಾನು ನರ್ಸ್ ಆದೆ. ಯಾಕೆ ಆದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಹಳ್ಳಿಗಳಲ್ಲಿ ಮೂವತ್ತು ವರ್ಷ ತಿರುಗಿದೆ. ಕೆಂಡ ಹೊರಗಿಡಿರಿ, ಕಿಟಕಿ ತೆಗೆಯಿರಿ, ದಿಂಬಿನ ಕೆಳಗಿನ ಕುಡಗೋಲಿನಿಂದ ಏನೂ ಆಗುವುದಿಲ್ಲ, ಚುಚ್ಚುಮದ್ದು ಹಾಕಿಸಿರಿ ಎಂದು ಬಾಯಿ ನೋಯುವವರೆಗೆ ಹೇಳಿದೆ. ಹೇಳುತ್ತ ಹೇಳುತ್ತಲೇ, ಬಾಣಂತಿಯ ಹಾಸಿಗೆ ಸರಿಮಾಡುವ ನೆವದಲ್ಲಿ ನನ್ನ ಕೈ ದಿಂಬಿನ ಕೆಳಗೆ ಹೋಗುತ್ತಿತ್ತು. ಕಬ್ಬಿಣ ಬೆರಳಿಗೆ ತಾಗಿದರೆ ಉಸಿರು ಸಲೀಸಾಗುತ್ತಿತ್ತು. ಇದನ್ನು ಇವತ್ತಿಗೂ ನನ್ನ ಜೊತೆ ಕೆಲಸ ಮಾಡಿದವರು ಯಾರೂ ಅರಿಯರು.

ಹೋದ ತಿಂಗಳು ಇಮಾಮನ ಮಗಳು ಶಬಾನಾ ಹೆಣ್ಣು ಹಡೆದು ದವಾಖಾನೆಯಿಂದ ಮನೆಗೆ ಬಂದಳು. ಅವ್ವ ಅಲ್ಲೇ ಇರುತ್ತಾಳೆ, ಎಂಬತ್ತು ದಾಟಿದೆ, ಕಿವಿ ಚುರುಕು. ನಾನೂ ಹೋಗಿದ್ದೆ. ಬೆಳಕಿನ ಕೋಣೆ, ಎರಡು ಕಿಟಕಿ, ಮೇಲೆ ಫ್ಯಾನು. ಇಮಾಮ ಮೂರು ಚಾಕು ತಂದು ಮಂಚದ ಪಕ್ಕ ನೆಲದ ಮೇಲೆ ಸಾಲಾಗಿ ಇಟ್ಟ. ಒಂದು ತುಕ್ಕು ಹಿಡಿಯದ್ದು, ಒಂದು ಧಾರೆ ಬಿಡದ್ದು, ಒಂದು ಹೊಸದು, ಎರಡೂ ಗುಣ ಇರುವ, ಉಕ್ಕಿನ ಪುಡಿಯನ್ನು ಒತ್ತಿ ಮಾಡಿದ್ದು.

"ಅಕ್ಕಾ, ಈಗರೆ ಹೇಳು. ಮೊಮ್ಮಗಳ ದಿಂಬಿನ ಬುಡಕ ಯಾವ್ದ ಇಡೂಣು?"

ನಾನು ಎದ್ದು ಅಡುಗೆ ಮನೆಗೆ ಹೋಗಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಚುಂಬಕದ ಗೊಂಬೆ ಕಿತ್ತು ತಂದು, ಮೂರಕ್ಕೂ ಮುಟ್ಟಿಸಿದೆ. ಮೂರೂ ಹಿಡಿದವು. ಇಮಾಮ ನಗತೊಡಗಿದ. ನಾನು ನಗದಿದ್ದುದನ್ನು ನೋಡಿ ನಿಲ್ಲಿಸಿದ. ಆಗ ಹೇಳಿದೆ. ನಲವತ್ತಾರು ವರ್ಷ ಬಾಯೊಳಗಿದ್ದದ್ದನ್ನು, ಸ್ಟೀಲಿನದು, ಲಿಂಬೆಹುಳಿ, ತೋಟ, ಅಪ್ಪನ ಮಾತು, ಎಲ್ಲವನ್ನೂ. ಮಾತಾಡಿದವಳು ಅವ್ವ.

"ಮೊದಲ್ನೇ ಕೂಸಿಂದು ನಾನ ತಗದಿದ್ದೆ."

ನಾನು ತಿರುಗಿ ನೋಡಿದೆ. ಅವ್ವ ಕೂಸಿನ ಕಾಲು ಸವರುತ್ತ ಕೂತಿದ್ದಳು, ನನ್ನ ಕಡೆ ನೋಡಲಿಲ್ಲ.

"ದಿಂಬಿನ ಬುಡಕ ಚಾಕು ಇದ್ರ ನಂಗ ನಿದ್ದಿ ಹತ್ತತಿರಲಿಲ್ಲ. ಬಿಚ್ಚಿಕೊಂಡು ಕೂಸಿಗೆ ಹತ್ತೀತು ಅಂತ ಅಂಜಿಕಿ. ನಾನ ತಗದು ಗೂಡಿನ್ಯಾಗ ಇಟ್ಟೆ. ನಿಮ್ಮಪ್ಪ ತನ್ನ ಮ್ಯಾಲ ಹಾಕ್ಕೊಂಡ್ರು."

ನನ್ನ ವಿಷಯ ಅಪ್ಪ ನಿನಗೆ ಹೇಳಿರಲಿಲ್ಲವೇ ಎಂದು ಕೇಳಿದೆ.

"ನಂದು ನಿನಗ ಹೇಳಿದ್ರೇನು?"

ಒಂದೇ ಒಲೆಯ ಮುಂದೆ, ಒಂದೇ ಹೆದರಿಕೆ ಇಟ್ಟುಕೊಂಡು, ನಾವಿಬ್ಬರೂ ಅಷ್ಟು ವರ್ಷ ರೊಟ್ಟಿ ಬಡಿದಿದ್ದೆವು. ಅಪ್ಪನ ಚಾಕು ತನ್ನ ಟ್ರಂಕಿನ ತಳದಲ್ಲಿದೆ, ತಾ ಎಂದಳು ಅವ್ವ. ತಂದೆ. ಸಣ್ಣಗಾದ ಅಲಗಿನ, ಕೋಡಿನ ಹಿಡಿಯ ಚಾಕು, ಅದೇ ಹಸಿರು ಅರಿವೆಯ ಚೂರಿನಲ್ಲಿ. ನೆಲದ ಮೇಲಿಡಲು ಬಗ್ಗಿದೆ, ಅವ್ವ ಕೈ ಚಾಚಿದಳು, ಕೈಗೇ ಕೊಟ್ಟೆ. ಇಮಾಮ ತನ್ನ ಮೂರನ್ನೂ ಒಂದೊಂದಾಗಿ ಎತ್ತಿ ಕಿಸೆಗೆ ಹಾಕಿಕೊಂಡ. ಅವ್ವ ಅಪ್ಪನ ಚಾಕುವನ್ನು ಶಬಾನಾಳ ದಿಂಬಿನ ಕೆಳಗೆ ಸೇರಿಸಿದಳು. ಆಮೇಲೂ ಕೈ ಹೊರಗೆ ತೆಗೆಯದೆ ನನ್ನ ಮುಖ ನೋಡಿದಳು.

"ಮಡಚೇತೇನು ನೋಡ ದಾವಲಿ."

ಮಡಚಿತ್ತು. ನಾನು ನೋಡಿಯೇ ಕೊಟ್ಟಿದ್ದೆ. ಆದರೂ ದಿಂಬು ಎತ್ತಿ ಇನ್ನೊಮ್ಮೆ ನೋಡಿದೆ.